ಅರ್ಧ ಇಂಚಿನ ಜಗಳ

ನಮ್ಮ ಮನೆಯಲ್ಲಿ ಅಳತೆ ಅಂದರೆ ಮೂರು ಜನಕ್ಕೆ ಮೂರು ಅಭಿಪ್ರಾಯ. ಬಸವೇಶ್ವರನಗರದಲ್ಲಿ ಮನೆಯ ಮುಂದಿನ ರೂಮನ್ನೇ ಅಂಗಡಿ ಮಾಡಿಕೊಂಡು ಇಪ್ಪತ್ತಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿರುವವಳು ನಾನು. ನನಗೆ ಕಾಲು ಇಂಚು ಅಂದರೆ ಕಾಲು ಇಂಚೇ. ಯಜಮಾನರು ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಅವರ ಲೆಕ್ಕದಲ್ಲಿ ಕಾಲು ಇಂಚು ಅಳತೆಯೇ ಅಲ್ಲ, ಅಂದಾಜು. ಇಂಚನ್ನು ಸಾವಿರ ಭಾಗ ಮಾಡಿ ಅದರಲ್ಲಿ ಒಂದೋ ಎರಡೋ ಅಂತ ಮಾತಾಡುವವರು. ಮಗ ಮಾತ್ರ ‘ನೋಡೋಕೆ ಚೆನ್ನಾಗಿದ್ರೆ ಸಾಕು’ ಪಂಗಡದವನು. ಹಾಗಾಗಿ ನಮ್ಮಲ್ಲಿ ಜಗಳ ಆದರೂ ಅಳತೆಯ ಮೇಲೇ. ಈ ಸಲದ್ದು ಕಾರಿನ ಟೈರಿನದು.

ಕಾರು 2014ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್. ಮಗ ಕೆಂಗೇರಿ ಕಡೆ ಕೆಲಸಕ್ಕೆ ಸೇರಿ, ಒಂದೆರಡು ವರ್ಷ ಉಳಿಸಿ ತಗೊಂಡದ್ದು. ಟೈರ್ ನಾಲ್ಕೂ ಸವೆದಿದ್ದವು. ಟೈರಿನ ಉದ್ದುದ್ದ ಸಾಲುಗಳ ನಡುವೆ ಅಲ್ಲಲ್ಲಿ ಅಡ್ಡಕ್ಕೆ ಪುಟ್ಟ ದಿಬ್ಬ ಇರುತ್ತಲ್ಲ, ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ ಉಳಿದಿರೋದು 1.6 ಮಿಲಿಮೀಟರ್ ಅಂತ ಅರ್ಥ. ಅಲ್ಲಿಗೆ ಅದರ ಆಯಸ್ಸು ಮುಗೀತು. ನಮ್ಮದು ಅಲ್ಲಿಗೇ ಬಂದು ನಿಂತಿತ್ತು. ಮುಂದಿನ ತಿಂಗಳು ಮೈಸೂರಿನಿಂದ ಮಗಳನ್ನು ಕರೆದುಕೊಂಡು ಬರಬೇಕು. ಏಳು ತುಂಬುತ್ತದೆ, ಸೀಮಂತ ಮುಗಿಸಿಕೊಂಡು ಬಾಣಂತನಕ್ಕೆ ಇಲ್ಲಿಗೇ. ಹೋಗಿಬರುವುದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲೇ. ಕೆಂಗೇರಿ ದಾಟಿದರೆ ಮುಗೀತು, ಬೈಕಿಲ್ಲ, ಆಟೋ ಇಲ್ಲ, ಗಂಟೆಗೆ 100 ಕಿಲೋಮೀಟರ್ ಮಿತಿ, ಅದರ ತುದಿಯಲ್ಲೇ ಎಲ್ಲರೂ ಓಡಿಸುತ್ತಾರೆ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಬೋಳು ಟೈರು ನಡೆದೀತು, ಅಲ್ಲಿ ನಡೆಯೋದಿಲ್ಲ. ಹೊಸದು ಹಾಕಿಸಬೇಕು ಅನ್ನೋದರಲ್ಲಿ ಯಾರಿಗೂ ತಕರಾರಿರಲಿಲ್ಲ.

ತಕರಾರು ಶುರುವಾದದ್ದು ಒಂದು ಶನಿವಾರ, ಮಗ ಟೈರ್ ಅಂಗಡಿಗೆ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟು ಬಂದು, ಚೀಟಿಯನ್ನು ಟೇಬಲ್ಲಿನ ಮೇಲಿಟ್ಟಾಗ. ಚೀಟಿಯಲ್ಲಿ 195/60 ಆರ್14 ಅಂತಿತ್ತು.

‘ಹಳೇದು ಎಷ್ಟಿತ್ತೋ?’ ಅಂದೆ.

‘165. ಸೈಕಲ್ ಟೈರ್ ಥರ ಕಾಣುತ್ತೆ ಅಮ್ಮ. ಅಗಲ ಹಾಕಿಸಿದ್ರೆ ಗ್ರಿಪ್ ಜಾಸ್ತಿ. ಅಕ್ಕ ಬರ್ತಾಳೆ ಅಂತಾನೇ ಹೇಳಿದ್ದು, ಸೇಫ್ಟಿಗೆ.’

ಇವನ ಮಾತನ್ನು ಶೋಕಿ ಅಂತ ತಳ್ಳಿಹಾಕುವ ಹಾಗಿರಲಿಲ್ಲ ನೋಡಿ. ಅಕ್ಕನ ಮೇಲಿನ ಪ್ರೀತಿಯೂ ಅದರಲ್ಲಿತ್ತು, ಸ್ವಲ್ಪ ಶೋಕಿಯೂ ಇತ್ತು. ಎರಡನ್ನೂ ಬಿಡಿಸುವುದು ಕಷ್ಟ.

‘ರಿಮ್ಮು?’ ಅಂದೆ.

‘ಅದೇ ರಿಮ್. ಅದಕ್ಕೇ ಕೂರುತ್ತಂತೆ. ಎಲ್ಲರೂ ಹಾಕ್ಸ್ತಾರಂತೆ.’

ಕೂರುತ್ತೆ ಅನ್ನುವ ಮಾತು ನನ್ನ ಕಿವಿಗೆ ಹಿಡಿಸಲಿಲ್ಲ. ದಿನಾ ಹತ್ತು ಜನ ನನ್ನ ಅಂಗಡಿಗೆ ಬಂದು ‘ಅಕ್ಕ, ಈ ರೆಡಿಮೇಡ್ ಬ್ಲೌಸ್ ಕೂರುತ್ತೆ, ಆದರೆ ಕೈ ಎತ್ತೋಕಾಗಲ್ಲ’ ಅಂತಾರೆ. ಕೂರೋದು ಬೇರೆ, ಹೊಂದೋದು ಬೇರೆ. ಟೈರಿನವರು ಸುಳ್ಳು ಹೇಳಿರಲಿಲ್ಲ; 14 ಇಂಚಿನ ಟೈರು 14 ಇಂಚಿನ ರಿಮ್ಮಿಗೆ ಕೂರಲೇಬೇಕು. ಆದರೆ ಆ 14 ಎನ್ನುವುದು ರಿಮ್ಮಿನ ಎತ್ತರ, ಅಂದರೆ ವ್ಯಾಸ. ಅಗಲದ ಮಾತು ಚೀಟಿಯಲ್ಲಿ ಎಲ್ಲೂ ಇರಲಿಲ್ಲ.

ಟೈರಿನ ಮೇಲೆ ಬರೆದಿರುವುದನ್ನು ಓದುವುದು ಕಷ್ಟವೇನಲ್ಲ, ವಿಚಿತ್ರ ಅಷ್ಟೆ. 165/80 ಆರ್14 ಅಂದರೆ, ಗಾಳಿ ತುಂಬಿದ ಟೈರು ಪಕ್ಕದಿಂದ ಪಕ್ಕಕ್ಕೆ, ಹೊಟ್ಟೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ, 165 ಮಿಲಿಮೀಟರ್. ನೆಲ ಮುಟ್ಟುವ ಪಟ್ಟಿಯ ಅಗಲ ಅಂತ ತುಂಬಾ ಜನ ತಿಳಿದಿರುತ್ತಾರೆ, ಅಲ್ಲ. 80 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ, ಆ 165ರಲ್ಲಿ ನೂರಕ್ಕೆ 80 ಪಾಲು. ಆರ್ ಅಂದರೆ ರೇಡಿಯಲ್. 14 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ! ನನ್ನ ಟೇಪಿನಲ್ಲಿ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್ ಇರುವುದಕ್ಕೇ ಹೊಸದಾಗಿ ಕಲಿಯೋಕೆ ಬಂದ ಹುಡುಗಿಯರು ತಡವರಿಸುತ್ತಾರೆ. ಅಂಬಾಸಡರ್ ಕಾಲದಲ್ಲಿ ಇಷ್ಟು ಗೊಂದಲವಿರಲಿಲ್ಲ, ಅದರ ಟೈರು 5.90-15, ಎರಡೂ ಇಂಚೇ. ಆಮೇಲೆ ಟೈರಿನ ಅಗಲ ಮಿಲಿಮೀಟರಿಗೆ ಹೋಯಿತು, ರಿಮ್ಮು ಮಾತ್ರ ಇಂಚಿನಲ್ಲೇ ಉಳಿಯಿತು. ಅಂಗಡಿಯಲ್ಲಿ ಯಾರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡದಿರುವುದಕ್ಕೆ ಅರ್ಧ ಕಾರಣ ಇದೇ ಇರಬೇಕು ಅಂತ ನನ್ನ ಅನುಮಾನ.

ಸಂಜೆ ಯಜಮಾನರು ಚಕ್ರದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಬಟ್ಟೆಯಿಂದ ಮಣ್ಣು ಒರೆಸಿದರು. ಕಬ್ಬಿಣದ ರಿಮ್ಮಿನ ಮೇಲೆ ಒತ್ತಿದ ಅಕ್ಷರ ಕಂಡಿತು: 14 × 5ಜೆ. ಅಲಾಯ್ ಆದರೆ ಇದು ರಿಮ್ಮಿನ ಹಿಂಬದಿಯಲ್ಲಿರುತ್ತದೆ, ಚಕ್ರ ಬಿಚ್ಚಬೇಕಾಗಬಹುದು. ಜೆ ಅನ್ನುವುದು ರಿಮ್ಮಿನ ಅಂಚು ಯಾವ ಆಕಾರದಲ್ಲಿ ಬಾಗಿದೆ ಅನ್ನುವುದರ ಗುರುತು. 5 ಅಂದರೆ ಅಗಲ, 5 ಇಂಚು. ಇದನ್ನು ಎರಡು ಅಂಚುಗಳ ಒಳಗಿನಿಂದ ಒಳಗೆ ಅಳೆಯಬೇಕು, ಟೈರು ಕೂರುವ ಜಾಗ ಅದೇ. ಹೊರಗಿನಿಂದ ಟೇಪು ಹಿಡಿದರೆ ಜಾಸ್ತಿಯೇ ಸಿಗುತ್ತದೆ, ಅದನ್ನು ನಂಬಬಾರದು. ಬ್ಲೌಸಿನಲ್ಲಿ ಹೊಲಿಗೆಯ ಒಳಗಿನ ಅಳತೆ ಬಿಟ್ಟು ಮಾರ್ಜಿನ್ ಬಟ್ಟೆಯನ್ನೂ ಸೇರಿಸಿ ಅಳೆದ ಹಾಗೆ.

5 ಇಂಚು ಅಂದರೆ 127 ಮಿಲಿಮೀಟರ್. 165ರ ಟೈರು ಅದರ ಮೇಲೆ ಕೂತರೆ ಎರಡೂ ಪಕ್ಕ ಸೇರಿ 38 ಮಿಲಿಮೀಟರ್ ಆಚೆ ಬರುತ್ತದೆ. ಆ ಹುಡುಗ ಹಾಕಿಸಲು ಹೊರಟಿದ್ದ 195 ಆದರೆ ಲೆಕ್ಕಕ್ಕೆ 68. ಯಜಮಾನರು ಪೆನ್ಸಿಲ್ಲಿನಲ್ಲಿ ಗೀಚುತ್ತಾ, ‘ಇನ್ನೂ ಅರ್ಧ ಇಂಚು ರಿಮ್ ಅಗಲ ಇದ್ದಿದ್ದರೆ ಮಾತಾಡಬಹುದಿತ್ತು’ ಅಂದರು. ಮಗ ನಕ್ಕ. ‘ಅರ್ಧ ಇಂಚಿಗೆ ಏನಾಗುತ್ತೆ ಅಪ್ಪಾ?’

ಅವನಿಗೆ ಹೇಳೋದಕ್ಕೆ ನನಗೆ ಸಿಕ್ಕಿದ್ದು ಪಫ್ ತೋಳು. ಅಂಗಡಿಯಲ್ಲಿ ಹೊಲಿದಿಟ್ಟ ಒಂದು ಮಗುವಿನ ಫ್ರಾಕ್ ತಂದು ತೋರಿಸಿದೆ. ತೋಳಿನ ಬಟ್ಟೆ ಅಗಲ, ಕೆಳಗಿನ ಪಟ್ಟಿ ಚಿಕ್ಕದು. ಅಗಲದ ಬಟ್ಟೆಯನ್ನು ಚಿಕ್ಕ ಪಟ್ಟಿಗೆ ಸೇರಿಸಿದರೆ ಅದು ನಡುವೆ ಉಬ್ಬುತ್ತದೆ, ಬೆರಳಲ್ಲಿ ಒತ್ತಿದರೆ ಆಚೀಚೆ ಓಲಾಡುತ್ತದೆ. ಮಗುವಿನ ತೋಳಿಗೆ ಅದೇ ಚೆಂದ. ಕಾರಿನ ಕಾಲಿಗಲ್ಲ. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ಸಿಕ್ಕಿಸಿದರೆ ಕೆಳಗಿನ ಎರಡು ಅಂಚುಗಳು ಹತ್ತಿರ ಬರುತ್ತವೆ, ಪಕ್ಕದ ಗೋಡೆಗಳು ಡೊಳ್ಳಾಗುತ್ತವೆ, ನೆಲ ಮುಟ್ಟುವ ಪಟ್ಟಿ ಚಪ್ಪಟೆ ಇರುವ ಬದಲು ನಡುವೆ ಸ್ವಲ್ಪ ಗುಮ್ಮಟದ ಹಾಗೆ ಏಳುತ್ತದೆ. ಆಗ ನೆಲಕ್ಕೆ ಒತ್ತುವುದು ನಡುಭಾಗ. ಅಲ್ಲೇ ಬೇಗ ಸವೆಯುತ್ತದೆ. ದುಡ್ಡು ಕೊಟ್ಟು ತಂದ ಹೆಚ್ಚಿನ ಅಗಲ ಎರಡೂ ಪಕ್ಕದಲ್ಲಿ ಅರೆಬರೆ ಕೆಲಸ ಮಾಡುತ್ತಾ ಕೂರುತ್ತದೆ. ಗ್ರಿಪ್ ಜಾಸ್ತಿ ಅಂತ ಹೋದವರಿಗೆ ಸಿಗೋದು ಇದು.

ಅದಕ್ಕಿಂತ ಮುಖ್ಯವಾದದ್ದು ತಿರುವಿನಲ್ಲಿ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ತಿರುಗುವುದು ರಿಮ್ಮು. ಟೈರಿನ ಗೋಡೆ ಗಟ್ಟಿಯಾಗಿ ನಿಂತಿದ್ದರೆ ನೆಲ ಮುಟ್ಟುವ ರಬ್ಬರೂ ಜೊತೆಗೇ ತಿರುಗುತ್ತದೆ. ಗೋಡೆ ಡೊಳ್ಳಾಗಿದ್ದರೆ ಮೊದಲು ಗೋಡೆ ಮಗ್ಗುಲಾಗಿ, ಆಮೇಲೆ ರಬ್ಬರು ಹೇಳಿದ ಮಾತು ಕೇಳುತ್ತದೆ. ಊರೊಳಗೆ ಇದು ಗೊತ್ತೇ ಆಗೋದಿಲ್ಲ. 100ರ ವೇಗದಲ್ಲಿ ಮುಂದಿನ ಕಾರು ಥಟ್ಟನೆ ಬ್ರೇಕ್ ಹಾಕಿ ಲೇನ್ ಬದಲಾಯಿಸಬೇಕಾದಾಗ ಗೊತ್ತಾಗುತ್ತದೆ. ಜೊತೆಗೆ ಗೋಡೆ ಹೆಚ್ಚು ಮಡಚಿ ಬಿಚ್ಚಿ ಮಾಡಿದಷ್ಟೂ ಟೈರು ಬಿಸಿಯಾಗುತ್ತದೆ. ಬೇಸಿಗೆ ಮಧ್ಯಾಹ್ನ, ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು. ಬಿಸಿಗೆ ಇಷ್ಟು ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಮಗ ‘ನಿಂಗೇನ್ ಗೊತ್ತು ಬಿಡಮ್ಮ, ಅದು ಫ್ರಾಕಲ್ಲ’ ಅಂದ. ಮನೆಯವರ ಮಾತು ಮಕ್ಕಳಿಗೆ ಯಾವಾಗ ರುಚಿಸಿದೆ ಹೇಳಿ. ಅದೃಷ್ಟಕ್ಕೆ ನಮ್ಮ ಬೀಗರು ಮೈಸೂರಿನ ವಿಕ್ರಾಂತ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಿಕ್ರಾಂತ್ ಟೈರ್ಸನ್ನು 1997ರಲ್ಲಿ ಜೆಕೆ ಟೈರ್‌ನವರು ತೆಗೆದುಕೊಂಡರೂ ಅವರ ಬಾಯಲ್ಲಿ ಅದು ಇನ್ನೂ ‘ನಮ್ಮ ವಿಕ್ರಾಂತ್’. ಮೇಟಗಳ್ಳಿ ಕಡೆಗೆ ಹೋದಾಗೆಲ್ಲ ಗೇಟು ತೋರಿಸದೆ ಬಿಡುವವರಲ್ಲ. ಬೀಗರ ಹತ್ತಿರ ಇಂಥದ್ದೆಲ್ಲ ಕೇಳೋದು ಅಂದರೆ ಸ್ವಲ್ಪ ಮುಜುಗರ, ಸೊಸೆಯನ್ನು ಕರೆದೊಯ್ಯುವ ಕಾರಿನ ಬಗ್ಗೆ ಅನುಮಾನ ಬಂದರೆ ಅಂತ. ಆದರೂ ಫೋನು ಮಾಡಿ ಸ್ಪೀಕರ್ ಹಾಕಿದೆ.

ಅವರು ಫ್ರಾಕು ಗೀಕು ಏನೂ ಕೇಳಲಿಲ್ಲ. ‘ರಿಮ್ ಎಷ್ಟು ಅಗಲ?’ ಅನ್ನುವುದೇ ಮೊದಲ ಪ್ರಶ್ನೆ. ಅವರು ವಿವರಿಸಿದ್ದು ಹೀಗೆ. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇದೆ, ಬೀಡ್ ಅಂತಾರೆ. ಗಾಳಿಯ ಒತ್ತಡ ಆ ಬಳೆಯನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ಟ್ಯೂಬ್ ಇದ್ದ ಕಾಲದಲ್ಲಿ ಗಾಳಿ ಹಿಡಿಯುವ ಕೆಲಸ ಟ್ಯೂಬಿನದ್ದಾಗಿತ್ತು. ಈಗಿನ ಟ್ಯೂಬ್‌ಲೆಸ್ಸಿನಲ್ಲಿ ಗಾಳಿ ಹಿಡಿದಿರುವುದೇ ಆ ಬಳೆ ಮತ್ತು ರಿಮ್ಮಿನ ನಡುವಿನ ಬಿಗಿ. ಬಳೆ ಎಷ್ಟು ಓರೆಯಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿಯೇ ಟೈರು ಮಾಡಿರುತ್ತಾರೆ. ರಿಮ್ಮಿನ ಅಗಲ ಬದಲಾದರೆ ಆ ಓರೆ ಬದಲಾಗುತ್ತದೆ.

ಇದು ಕೇಳಿದಾಗ ನನಗೆ ನೆನಪಾದದ್ದು ಮಾಗಡಿ ಕಡೆಯ ನನ್ನ ತವರಿನಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊದಿಸುತ್ತಿದ್ದದ್ದು. ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿಯೇ ಪಟ್ಟಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರದ ಮೇಲೆ ಬಡಿದು ಕೂರಿಸಿ, ನೀರು ಸುರಿಯುತ್ತಿದ್ದರು. ಚುರ್ ಅಂತ ಹೊಗೆ ಎದ್ದು ಪಟ್ಟಿ ಕುಗ್ಗಿ ಮರವನ್ನು ಕಚ್ಚುತ್ತಿತ್ತು. ಚಿಕ್ಕದಾದರೆ ಚಕ್ರವೇ ಬಿರಿಯುತ್ತದೆ, ದೊಡ್ಡದಾದರೆ ನಡುದಾರಿಯಲ್ಲಿ ಕಳಚುತ್ತದೆ. ಅಲ್ಲಿಯೂ ‘ನಡೆಯುತ್ತೆ ಬಿಡಿ’ ಅನ್ನುವ ಮಾತಿರಲಿಲ್ಲ.

ಮುಖ್ಯ ವಿಷಯ ಇನ್ನೂ ಬಂದಿಲ್ಲ. ಪ್ರತಿಯೊಂದು ಟೈರಿನ ಅಳತೆಗೂ ಯಾವ ರಿಮ್ಮಿನ ಅಗಲದಿಂದ ಯಾವ ಅಗಲದವರೆಗೆ ಒಪ್ಪುತ್ತದೆ ಅಂತ ಟೈರ್ ಕಂಪನಿಗಳ ಪಟ್ಟಿಯಲ್ಲೇ ಇರುತ್ತದೆ. ಬೀಗರು ಒಂದೊಂದೇ ಹೇಳಿದರು, ಮಗ ಬರೆದುಕೊಂಡ. 165/80ಕ್ಕೆ 4ರಿಂದ 5.5 ಇಂಚು. 185/70ಕ್ಕೆ 4.5ರಿಂದ 6. ನಮ್ಮ ಚೀಟಿಯಲ್ಲಿದ್ದ 195/60ಕ್ಕೆ 5.5ರಿಂದ 7. ನಮ್ಮ ರಿಮ್ಮು 5. ಮಗ ಪೆನ್ನು ಕೆಳಗಿಟ್ಟ.

ಆದರೂ ಬಿಡಲಿಲ್ಲ, ಒಳ್ಳೆಯ ಪ್ರಶ್ನೆಯನ್ನೇ ಕೇಳಿದ. ‘ಮಾವ, 195/70 ಆದ್ರೆ?’ ಅದು 5ರಿಂದ 6.5ರವರೆಗೆ ಒಪ್ಪುತ್ತದಂತೆ, ಕೊನೇ ಮೆಟ್ಟಿಲಲ್ಲಿ ನಿಂತ ಹಾಗೆ. ಅಗಲ ಒಂದೇ 195, ಗೋಡೆ ಎತ್ತರವಿದ್ದರೆ ಕಿರಿದಾದ ರಿಮ್ಮಿಗೂ ಸ್ವಲ್ಪ ಬಾಗಿ ಬರಲು ಜಾಗವಿರುತ್ತದೆ, ಗಿಡ್ಡ ಗೋಡೆಗೆ ಇರುವುದಿಲ್ಲ. ಅಂದರೆ ಮೊದಲ ಸಂಖ್ಯೆ ಒಂದನ್ನೇ ನೋಡಿ ತೀರ್ಮಾನಿಸುವ ಹಾಗಿಲ್ಲ. ಉದ್ದ ತೋಳಾದರೆ ನೆರಿಗೆ ಹಿಡಿಯಬಹುದು, ಗಿಡ್ಡ ತೋಳಿನಲ್ಲಿ ಹಿಡಿದರೆ ಎದ್ದು ನಿಲ್ಲುತ್ತೆ ಅಂತ ನಾನು ನಡುವೆ ಬಾಯಿ ಹಾಕಿದೆ. ಬೀಗರು ‘ಸರಿಯಾಗಿ ಹೇಳಿದಿರಿ’ ಅಂದರು. ಮಗ ನನ್ನ ಕಡೆ ನೋಡಲಿಲ್ಲ.

ಇನ್ನೊಂದು ಲೆಕ್ಕವನ್ನು ಯಜಮಾನರೇ ಮಾಡಿದರು. 165/80ರ ಗೋಡೆ 132 ಮಿಲಿಮೀಟರ್, ಮೇಲೆ ಕೆಳಗೆ ಸೇರಿ 264, ರಿಮ್ಮಿನ 14 ಇಂಚು ಅಂದರೆ 355.6, ಒಟ್ಟು ಎತ್ತರ 619.6. ಅದೇ 195/60ರದ್ದು 589.6. ಚಕ್ರ 30 ಮಿಲಿಮೀಟರ್ ಗಿಡ್ಡ, ಕಾರು ನೆಲಕ್ಕೆ 15 ಮಿಲಿಮೀಟರ್ ಹತ್ತಿರ. ನಮ್ಮ ಬೀದಿಗಳ ಹಂಪುಗಳಿಗೆ ಈಗಲೇ ಹೊಟ್ಟೆ ತಾಗುವುದು ಸಾಲದು ಅಂತ! ಮೊದಲು 100 ಅಂತ ತೋರಿಸುತ್ತಿದ್ದ ವೇಗವನ್ನು ಮೀಟರು 105 ಅಂತ ತೋರಿಸುತ್ತದೆ, ಓಡಿದ ಕಿಲೋಮೀಟರೂ ಹಾಗೇ ಹೆಚ್ಚು ದಾಖಲಾಗುತ್ತದೆ. 185/70 ಹಾಕಿದರೆ ಒಟ್ಟು ಎತ್ತರ 614.6, ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ.

ಅಗಲ ಬೇಡವೇ ಬೇಡ ಅನ್ನುವವಳಲ್ಲ ನಾನು. ಅದೇ ಸ್ವಿಫ್ಟಿನ ದುಬಾರಿ ಮಾಡೆಲ್ಲಿಗೆ ಕಂಪನಿಯವರೇ 185/65 ಆರ್15 ಕೊಡುತ್ತಿದ್ದರು. ಆದರೆ ಅದರ ಜೊತೆ ರಿಮ್ಮೂ ಬೇರೆಯೇ, 15 ಇಂಚಿನದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅವರು ಹಾಸಿಗೆಯನ್ನೇ ಬದಲಾಯಿಸಿ ಕಾಲು ಚಾಚಿದ್ದಾರೆ. ಇಲ್ಲಿ ಹಳೇ ಹಾಸಿಗೆಗೆ ಕಾಲು ಮಾತ್ರ ಹೊಸದು.

ಇದರ ಉಲ್ಟಾ ಕೂಡ ನಡೆಯುತ್ತಿದೆ. ವಿಜಯನಗರದ ನನ್ನ ಗಿರಾಕಿಯೊಬ್ಬರ ಮಗ 7 ಇಂಚು ಅಗಲದ ಅಲಾಯ್ ತಂದು ಅದಕ್ಕೆ 185/65ರ ಟೈರನ್ನೇ ಎಳೆದು ಹಾಕಿಸಿದ್ದಾನೆ. ಅದಕ್ಕೆ 6.5 ಇಂಚೇ ಮಿತಿ. ಟೈರಿನ ಗೋಡೆ ಹೊರಗೆ ಚಾಚುವ ಬದಲು ಒಳಕ್ಕೆ ವಾಲಿ, ರಿಮ್ಮಿನ ಅಂಚೇ ಆಚೆ ಬಂದು ನಿಂತಿದೆ. ಬಿಗಿ ರವಿಕೆಯ ಬಗಲಿನ ಹೊಲಿಗೆ ಎಳೆದುಕೊಂಡಿರುತ್ತಲ್ಲ, ಹಾಗೆ. ಹೊಂಡಕ್ಕೆ ಬಿದ್ದರೆ ಪೆಟ್ಟು ತಾಳುವ ರಬ್ಬರು ಮುಂದಿಲ್ಲ, ನೇರ ಲೋಹಕ್ಕೇ. ಗಾಳಿ ಸ್ವಲ್ಪ ಇಳಿದಿದ್ದಾಗ ಜೋರಾಗಿ ತಿರುಗಿಸಿದರೆ ಬಳೆ ಜಾಗ ಬಿಟ್ಟು ಕಳಚುವ ಭಯವೂ ಇದೆ. ಅವನ ಒಂದು ಅಲಾಯ್ ಆಗಲೇ ಬಾಗಿ ರಿಪೇರಿಗೆ ಹೋಗಿ ಬಂದಿದೆ. ಅವರಮ್ಮ ಹೇಳಿದ್ದು, ‘ನಿಂತಾಗ ಚೆನ್ನಾಗಿ ಕಾಣುತ್ತೆ ಕಣ್ರೀ.’

ಸೋಮವಾರ ಮೂವರೂ ಅಂಗಡಿಗೆ ಹೋದೆವು. ಅಡ್ವಾನ್ಸ್ ವಾಪಸ್ ಇಲ್ಲ ಅಂತ ಮೊದಲು ಮುಖ ಗಂಟಿಕ್ಕಿದರು. ಯಜಮಾನರು ಜಗಳವಾಡಲಿಲ್ಲ, ‘ನಿಮ್ಮ ಕಂಪನಿ ಪಟ್ಟಿ ತೆಗೀರಿ, 195/60ರ ಮುಂದೆ 5 ಇಂಚಿನ ರಿಮ್ ಇದ್ದರೆ ಇದನ್ನೇ ಹಾಕಿ’ ಅಂದರು. ಅಲ್ಲಿದ್ದ ಹಿರಿಯ ಕೆಲಸಗಾರ ಮಾತ್ರ ಮೆಲ್ಲಗೆ ‘185/70 ಹಾಕ್ಸ್ಕೊಳ್ಳಿ ಸಾರ್, ಅದು ಸರಿ’ ಅಂದ. ಅವನಿಗೆ ಗೊತ್ತಿತ್ತು. ಕೇಳಿರಲಿಲ್ಲ ಯಾರೂ.

ನಾಲ್ಕೂ ಟೈರಿನ ಮೇಲೆ ತಯಾರಿಯ ವಾರ ಮತ್ತು ವರ್ಷ ಸೂಚಿಸುವ ನಾಲ್ಕು ಅಂಕಿ ನೋಡಿಕೊಂಡೆವು. ಅಳತೆಯ ಮುಂದಿನ ಅಂಕಿ 88, ಅಂದರೆ ಒಂದೊಂದು ಟೈರು 560 ಕಿಲೋ ಹೊರಬಲ್ಲದು. ಹಳೆಯದು 85, ಅಂದರೆ 515. ಕಡಿಮೆಯಾಗಬಾರದು, ಹೆಚ್ಚಾದರೆ ತೊಂದರೆಯಿಲ್ಲ. ಕೂರಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಒಳಗೆ ಉಜ್ಜುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮಗ. ನಾನು ಟೇಪು ತಂದಿದ್ದೆ. ಗಾಳಿ ತುಂಬಿದ ಮೇಲೆ ಅಳೆದರೆ ಅಗಲ 180ರ ಹತ್ತಿರ. 185 ಎಲ್ಲಿ ಹೋಯಿತು ಅಂತ ಮಗ ಕೆಣಕಿದ. ಆ 185 ಅನ್ನುವುದು 5.5 ಇಂಚಿನ ರಿಮ್ಮಿನ ಮೇಲೆ ಅಳೆದದ್ದು. ರಿಮ್ಮು ಅರ್ಧ ಇಂಚು ಕಿರಿದಾದರೆ ಟೈರು ಸುಮಾರು 5 ಮಿಲಿಮೀಟರ್ ಕಿರಿದಾಗುತ್ತದೆ. ಅರ್ಧ ಇಂಚಿಗೆ ಏನಾಗುತ್ತೆ ಅಂತ ಕೇಳಿದವನಿಗೆ ಟೇಪಿನಲ್ಲೇ ತೋರಿಸಿದೆ.

ಮೈಸೂರಿಗೆ ಹೋಗುವ ದಿನ ನಾಯಂಡಹಳ್ಳಿ ದಾಟುವಾಗ ಮಳೆ. ಅಲ್ಲಿ ನೀರು ನಿಲ್ಲುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅಗಲ ಹೆಚ್ಚಿದಷ್ಟೂ ಟೈರು ನೀರಿನ ಮೇಲೆ ತೇಲುವುದು ಸುಲಭ, ಕಿರಿದಾದದ್ದು ನೀರನ್ನು ಸೀಳಿಕೊಂಡು ನೆಲ ಹುಡುಕುತ್ತದೆ. ಮಗ ಇದನ್ನು ಎಲ್ಲೋ ಓದಿಕೊಂಡು ಬಂದು ನನಗೇ ಪಾಠ ಹೇಳಿದ, ನಿಧಾನವಾಗಿಯೂ ಓಡಿಸಿದ. ವಾಪಸ್ ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟುಕೊಂಡು ರಾಮನಗರದವರೆಗೂ ನಿದ್ದೆ ಮಾಡಿದಳು. ಅಲ್ಲಿ ಎದ್ದು ‘ಟೈರ್ ಹೊಸದಂತೆ? ಏನೂ ಡಿಫರೆನ್ಸ್ ಗೊತ್ತಾಗಲಿಲ್ಲಪ್ಪ’ ಅಂದಳು.

ಇನ್ನು ಡಿಕ್ಕಿಯೊಳಗಿನ ಸ್ಟೆಪ್ನಿ ಉಳಿದಿದೆ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರುತ್ತಿದ್ದರಂತೆ, ಆ ಬೀದಿಯ ಹೆಸರು ನಮ್ಮ ಬಾಯಲ್ಲಿ ನೂರು ವರ್ಷ ದಾಟಿ ಉಳಿದಿದೆ. ನಮ್ಮ ಸ್ಟೆಪ್ನಿ ಇನ್ನೂ 165/80ರದ್ದೇ. ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಪಂಕ್ಚರ್ ಅಂಗಡಿ ತಲುಪುವವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗಲು ಸಾಕು ಅಂತ ಬೀಗರು ಹೇಳಿದ್ದಾರೆ. ಐದನೆಯದನ್ನು ಮುಂದಿನ ಸಂಬಳಕ್ಕೆ ತರುತ್ತಾನಂತೆ. ಈ ಸಲ ಚೀಟಿ ಬರೆಸುವ ಮುಂಚೆ ನನ್ನ ಟೇಪು ಕೇಳಿ ತಗೊಂಡು ಹೋಗಿದ್ದಾನೆ, ಇನ್ನೂ ವಾಪಸ್ ಕೊಟ್ಟಿಲ್ಲ.